ಹತ್ತಡಿ ರೆಕ್ಕೆಯ ಹರಿಕೇನ್

ಎಂಟು ನಿಮಿಷದ ಹಾರಾಟಕ್ಕೆ ಎರಡು ಮೂರು ವರ್ಷಗಳ ದುಡಿಮೆ! ಹಳೆಯ ಯುದ್ಧವಿಮಾನವನ್ನು ಮರ, ಬಟ್ಟೆ, ಗೋಂದುಗಳಲ್ಲಿ ಮತ್ತೆ ಕಟ್ಟಿ ರೇಡಿಯೊ ಸಂಕೇತದಿಂದ ಹಾರಿಸುವ ಹವ್ಯಾಸ ಬರೀ ಆಟವಲ್ಲ, ಅದೊಂದು ಪಾಠಶಾಲೆ.

ಬೆಳಗಿನ ಹೊತ್ತು. ಇಬ್ಬನಿ ಇನ್ನೂ ಆರದ ಹುಲ್ಲುಬಯಲು. ಅದರ ನಡುವೆ ಹಸಿರು, ಕಂದು ಬಣ್ಣ ಬಳಿದುಕೊಂಡ ಯುದ್ಧವಿಮಾನವೊಂದು ಮೂಗೆತ್ತಿ ನಿಂತಿದೆ. ದೂರದಿಂದ ಕಂಡವರಿಗೆ ಎರಡನೇ ಮಹಾಯುದ್ಧದ ಕಾಲದ ವಿಮಾನವೇ ಬಂದಿಳಿದಂತೆ ತೋರುತ್ತದೆ. ಹತ್ತಿರ ಹೋದರೆ ಅಚ್ಚರಿ. ವಿಮಾನದ ಬೆನ್ನು ಮನುಷ್ಯನ ಸೊಂಟದೆತ್ತರಕ್ಕಷ್ಟೇ ಬರುತ್ತದೆ! ಒಳಗೆ ಕುಳಿತಿರುವ ಪೈಲಟ್ ಒಂದು ಬೊಂಬೆ. ನಿಜವಾದ ಪೈಲಟ್ ಹತ್ತಾರು ಅಡಿ ದೂರದಲ್ಲಿ, ಕೈಯಲ್ಲಿ ರೇಡಿಯೊ ಪೆಟ್ಟಿಗೆ ಹಿಡಿದು ನಿಂತಿರುತ್ತಾನೆ. ಅವನ ಹೆಬ್ಬೆರಳುಗಳು ಸಣ್ಣಗೆ ನಡುಗುತ್ತಿದ್ದರೆ ಆಶ್ಚರ್ಯವಿಲ್ಲ. ಎರಡು ಮೂರು ವರ್ಷಗಳ ಸಂಜೆಗಳೆಲ್ಲ ಆ ವಿಮಾನದೊಳಗೆ ಸೇರಿಕೊಂಡಿವೆ. ಇನ್ನು ಕೆಲವೇ ಕ್ಷಣಗಳಲ್ಲಿ ಅದು ಒಂದೋ ಹಾರುತ್ತದೆ, ಇಲ್ಲವೇ ಪುಡಿಯಾಗುತ್ತದೆ.

ಬ್ರಿಟನ್, ಜರ್ಮನಿ, ಅಮೆರಿಕಗಳಲ್ಲಿ ಇಂಥ ದೊಡ್ಡ ಮಾದರಿ ವಿಮಾನಗಳನ್ನು ಕಟ್ಟುವವರ ಸಂಘಗಳೇ ಇವೆ. ಅವರು ಬಹುವಾಗಿ ಮೆಚ್ಚುವ ವಿಮಾನಗಳಲ್ಲಿ ಒಂದು, ಬ್ರಿಟನ್ನಿನ ಹಾಕರ್ ಹರಿಕೇನ್. ಈ ವಿಮಾನದ ಕಥೆ ಆರಂಭವಾಗುವುದೂ ಒಂದು ಮಾದರಿ ವಿಮಾನದಿಂದಲೇ ಎಂಬುದು ಸ್ವಾರಸ್ಯ.

ಬಡಗಿಯ ಮಗ

ಹರಿಕೇನ್ ವಿನ್ಯಾಸಕಾರ ಸಿಡ್ನಿ ಕ್ಯಾಮ್ ಹುಟ್ಟಿದ್ದು 1893ರಲ್ಲಿ, ಇಂಗ್ಲೆಂಡಿನ ವಿಂಡ್ಸರ್‌ನಲ್ಲಿ. ತಂದೆ ಬಡಗಿ. ಮನೆಯಲ್ಲಿ ಹನ್ನೆರಡು ಮಕ್ಕಳು, ಸಿಡ್ನಿಯೇ ಹಿರಿಯ. ಹದಿನೈದನೆಯ ವಯಸ್ಸಿಗೆ ಶಾಲೆ ಬಿಟ್ಟು ಬಡಗಿ ಕೆಲಸ ಕಲಿಯಲು ಸೇರಿದ. ಬಿಡುವಿನಲ್ಲಿ ಸೋದರರೊಡನೆ ಸೇರಿ ಪುಟ್ಟ ವಿಮಾನಗಳನ್ನು ಮಾಡಿ ಹತ್ತಿರದ ಈಟನ್ ಶಾಲೆಯ ಹುಡುಗರಿಗೆ ಮಾರುತ್ತಿದ್ದ. 1912ರಲ್ಲಿ ಊರಿನ ಮಾದರಿ ವಿಮಾನ ಸಂಘದ ಸ್ಥಾಪಕರಲ್ಲಿ ಅವನೂ ಒಬ್ಬನಾದ.

1914ರಲ್ಲಿ ಬ್ರೂಕ್‌ಲ್ಯಾಂಡ್ಸ್‌ನ ವಿಮಾನ ಕಾರ್ಖಾನೆಯೊಂದರಲ್ಲಿ ಬಡಗಿಯಾಗಿ ಸೇರಿದ ಕ್ಯಾಮ್, 1925ರ ಹೊತ್ತಿಗೆ ಹಾಕರ್ ಕಂಪೆನಿಯ ಮುಖ್ಯ ವಿನ್ಯಾಸಕಾರನಾಗಿದ್ದರು. 1935ರ ನವೆಂಬರ್ 6ರಂದು ಅದೇ ಬ್ರೂಕ್‌ಲ್ಯಾಂಡ್ಸ್ ಬಯಲಿನಿಂದ ಮೊದಲ ಹರಿಕೇನ್ ಮೇಲೇರಿತು. 1940ರ ಬ್ರಿಟನ್ ಕದನದಲ್ಲಿ ಸ್ಪಿಟ್‌ಫೈರ್‌ಗೆ ಹೆಸರು ಹೆಚ್ಚು ಬಂದರೂ, ಶತ್ರುವಿಮಾನಗಳನ್ನು ಹೆಚ್ಚಾಗಿ ಉರುಳಿಸಿದ್ದು ಹರಿಕೇನ್. 1971ರ ಲೋಂಗೆವಾಲಾ ಕದನದಲ್ಲಿ ಭಾರತೀಯ ವಾಯುಪಡೆ ಬಳಸಿದ ಹಂಟರ್ ವಿಮಾನವೂ ಇದೇ ಕ್ಯಾಮ್ ಅವರ ಕೊಡುಗೆ.

"ಓದು ಬಿಟ್ಟು ಇದೇನು ಆಟ?" ಎಂದು ಗದರುವ ತಂದೆತಾಯಿಯರು ಒಮ್ಮೆ ನೆನೆಯಬೇಕಾದ ಬದುಕು ಇದು.

ಬಟ್ಟೆ ಹೊದ್ದ ವಿಮಾನ

ಮಾದರಿ ಕಟ್ಟುವವರಿಗೆ ಹರಿಕೇನ್ ಇಷ್ಟವಾಗಲು ಇನ್ನೊಂದು ಕಾರಣವಿದೆ. ಸ್ಪಿಟ್‌ಫೈರ್‌ನ ಮೈಯೆಲ್ಲ ಲೋಹದ ತಗಡು. ಹರಿಕೇನ್ ಹಾಗಲ್ಲ. ಅದರ ಒಳಗೆ ಲೋಹದ ಕೊಳವೆಗಳ ಚೌಕಟ್ಟು, ಅದರ ಮೇಲೆ ಮರದ ಅಡ್ಡಚೌಕಟ್ಟುಗಳು, ಅವುಗಳ ಮೇಲೆ ಉದ್ದುದ್ದ ಮರದ ಪಟ್ಟಿಗಳು. ವಿಮಾನದ ಹಿಂಭಾಗಕ್ಕೆಲ್ಲ ಬಿಗಿಯಾಗಿ ಎಳೆದ ಬಟ್ಟೆಯ ಹೊದಿಕೆ. ಗುಂಡು ತಾಗಿದರೆ ಬಟ್ಟೆಯಲ್ಲಿ ತೂತು ಬೀಳುತ್ತಿತ್ತು. ತೇಪೆ ಹಾಕಿದರೆ ವಿಮಾನ ಮತ್ತೆ ಹಾರಾಟಕ್ಕೆ ಸಿದ್ಧ!

ಮಾದರಿ ವಿಮಾನವನ್ನೂ ಕಟ್ಟುವುದು ಹೀಗೆಯೇ. ಮೊದಲು ಮೂಲ ವಿಮಾನದ ಮೇಲುನೋಟ, ಪಕ್ಕನೋಟ, ಮುಂನೋಟಗಳ ನಕ್ಷೆ. ನಕ್ಷೆಯನ್ನು ಉದ್ದನೆಯ ಸಮತಟ್ಟಾದ ಹಲಗೆಯ ಮೇಲೆ ಹಾಸಿ ಅದರ ಮೇಲೆಯೇ ಕಟ್ಟುತ್ತಾರೆ. ಹಲಗೆ ಕೂದಲೆಳೆಯಷ್ಟು ಸೊಟ್ಟಗಿದ್ದರೂ ವಿಮಾನ ಸೊಟ್ಟಗಾಗುತ್ತದೆ, ಸೊಟ್ಟ ರೆಕ್ಕೆಯ ವಿಮಾನ ಆಕಾಶದಲ್ಲಿ ಒಂದೇ ಕಡೆಗೆ ವಾಲುತ್ತದೆ. ಭಾರ ಹೊರುವ ಕಡೆ ಪ್ಲೈವುಡ್, ಉಳಿದೆಡೆ ಬಾಲ್ಸಾ ಮರ. ದಕ್ಷಿಣ ಅಮೆರಿಕದ ಈಕ್ವೆಡಾರ್‌ನಿಂದ ಹೆಚ್ಚಾಗಿ ಬರುವ ಈ ಮರ ಬೆಂಡಿನಂತೆ ಹಗುರ, ಆದರೆ ತೂಕಕ್ಕೆ ಹೋಲಿಸಿದರೆ ಬಲು ಗಟ್ಟಿ. ಮೇಲೆ ಬಿಸಿ ತಾಗಿಸಿದರೆ ಬಿಗಿಯುವ ಪಾಲಿಯೆಸ್ಟರ್ ಬಟ್ಟೆ. ಇಸ್ತ್ರಿಪೆಟ್ಟಿಗೆ ಆಡಿಸುತ್ತಿದ್ದಂತೆ ಸುಕ್ಕುಗಳು ಮಾಯವಾಗಿ ಬಟ್ಟೆ ತಮಟೆಯ ಚರ್ಮದಂತೆ ಬಿಗಿಯಾಗುತ್ತದೆ.

ಲೋಹದ ತಗಡಿನ ಮೇಲೆ ಕಾಣುವ ಸಾವಿರಾರು ರಿವೆಟ್ ಮೊಳೆಗಳನ್ನು ಮೂಡಿಸುವುದು ಹೇಗೆ? ಇಂಜೆಕ್ಷನ್ ಸಿರಿಂಜಿನಲ್ಲಿ ಬಿಳಿ ಮರಗೋಂದು ತುಂಬಿ ಒಂದೊಂದೇ ಹನಿ ಇಡುತ್ತಾರೆ. ರಂಗೋಲಿಯ ಚುಕ್ಕಿ ಇಟ್ಟಷ್ಟೇ ತಾಳ್ಮೆಯ ಕೆಲಸ!

ಕಾಲು ಭಾಗದ ಲೆಕ್ಕ

ಮೂಲ ಹರಿಕೇನ್‌ನ ರೆಕ್ಕೆ ಒಂದು ತುದಿಯಿಂದ ಇನ್ನೊಂದು ತುದಿಗೆ 40 ಅಡಿ. ಕಾಲು ಪ್ರಮಾಣದ ಮಾದರಿಯಲ್ಲಿ ಅದು 10 ಅಡಿ. ಹಾಗಾದರೆ ತೂಕವೂ ಕಾಲು ಭಾಗವೇ? ಇಲ್ಲಿ ವಿದ್ಯಾರ್ಥಿಗಳು ಪೆನ್ಸಿಲ್ ತೆಗೆದುಕೊಳ್ಳಬಹುದು.

ಉದ್ದ, ಅಗಲ, ಎತ್ತರ ಮೂರೂ ಕಾಲು ಭಾಗವಾದಾಗ ರೆಕ್ಕೆಯ ವಿಸ್ತೀರ್ಣ ಹದಿನಾರರಲ್ಲಿ ಒಂದು ಪಾಲಾಗುತ್ತದೆ. ಗಾತ್ರ ಅರವತ್ತನಾಲ್ಕರಲ್ಲಿ ಒಂದು ಪಾಲಾಗುತ್ತದೆ. ನಿಜವಾದ ಹರಿಕೇನ್ ಹಾರಾಟಕ್ಕೆ ಸಿದ್ಧವಾದಾಗ ಸುಮಾರು 3,000 ಕಿಲೋ ತೂಗುತ್ತಿತ್ತು. 64ರಿಂದ ಭಾಗಿಸಿದರೆ ಸುಮಾರು 47 ಕಿಲೋ. ಆದರೆ ಒಳಗೆ ಟೊಳ್ಳಾದ ಬಾಲ್ಸಾ ಮಾದರಿಯನ್ನು ಜಾಣತನದಿಂದ ಕಟ್ಟಿದರೆ 22 ಕಿಲೋದಲ್ಲೇ ಮುಗಿಸಬಹುದು.

ಇದರ ಲಾಭವೇನು? ಮೂಲ ವಿಮಾನದಲ್ಲಿ ರೆಕ್ಕೆಯ ಪ್ರತಿ ಚದರ ಮೀಟರ್ ಸುಮಾರು 125 ಕಿಲೋ ಹೊರಬೇಕಿತ್ತು. ಮಾದರಿಯ ರೆಕ್ಕೆಯ ವಿಸ್ತೀರ್ಣ ಒಂದೂವರೆ ಚದರ ಮೀಟರ್. 22 ಕಿಲೋ ತೂಕಕ್ಕೆ ಪ್ರತಿ ಚದರ ಮೀಟರ್‌ಗೆ ಬೀಳುವ ಹೊರೆ 15 ಕಿಲೋಗಿಂತ ಕಡಿಮೆ. ಹೊರೆ ಕಡಿಮೆಯಾದಂತೆ ವಿಮಾನ ನಿಧಾನವಾಗಿಯೂ ಹಾರಬಲ್ಲದು. ಈ ಮಾದರಿ ಮೂಲ ವಿಮಾನದ ಕನಿಷ್ಠ ವೇಗದ ಸುಮಾರು ಮೂರನೇ ಒಂದು ಭಾಗದಲ್ಲೇ ಗಾಳಿಯಲ್ಲಿ ನಿಲ್ಲುತ್ತದೆ. ಪ್ರತಿ ಗ್ರಾಂ ಹೆಚ್ಚಿದಷ್ಟೂ ಇಳಿಯುವ ವೇಗ ಹೆಚ್ಚುತ್ತದೆ, ಅಪಾಯವೂ ಹೆಚ್ಚುತ್ತದೆ. ಆದ್ದರಿಂದಲೇ ಅನುಭವಿಗಳ ಮೇಜಿನ ಮೇಲೆ ಸುತ್ತಿಗೆಗಿಂತ ಮೊದಲು ತಕ್ಕಡಿ ಇರುತ್ತದೆ.

ಬಾಲದ ನೂರು ಗ್ರಾಂ

ತೂಕ ಎಷ್ಟು ಎನ್ನುವಷ್ಟೇ ಮುಖ್ಯ, ಅದು ಎಲ್ಲಿದೆ ಎಂಬುದು. ವಿಮಾನದ ಗುರುತ್ವ ಕೇಂದ್ರ ರೆಕ್ಕೆಯ ಮುಂಚಿನಿಂದ ಹಿಂದಕ್ಕೆ, ಅಗಲದ ಸುಮಾರು ಕಾಲು ಭಾಗದ ಆಸುಪಾಸಿನಲ್ಲಿ ಇರಬೇಕು. ಅದು ತೀರಾ ಹಿಂದಕ್ಕೆ ಸರಿದರೆ ವಿಮಾನ ಮೂಗೆತ್ತುತ್ತಲೇ ಹೋಗಿ ಹತೋಟಿ ತಪ್ಪುತ್ತದೆ.

ಮಕ್ಕಳ ಏತದಾಟವನ್ನು ನೆನೆಯಿರಿ. ಬಾಲದ ತುದಿ ಗುರುತ್ವ ಕೇಂದ್ರದಿಂದ 150 ಸೆಂಟಿಮೀಟರ್ ಹಿಂದಿದೆ, ಮೂಗಿನಲ್ಲಿ ಭಾರ ಇಡುವ ಜಾಗ 50 ಸೆಂಟಿಮೀಟರ್ ಮುಂದಿದೆ ಎಂದುಕೊಳ್ಳಿ. ಬಾಲಕ್ಕೆ ಬಣ್ಣ, ಗೋಂದು ಎಂದು 100 ಗ್ರಾಂ ಹೆಚ್ಚಾಗಿ ಬಳಿದರೆ ಮೂಗಿಗೆ 300 ಗ್ರಾಂ ಸೀಸ ಕಟ್ಟಬೇಕು. ಒಟ್ಟು ಹೆಚ್ಚಿದ ತೂಕ 400 ಗ್ರಾಂ! ಅದಕ್ಕೇ ಬಾಲವನ್ನು ಗರಿಯಂತೆ ಹಗುರವಾಗಿ ಕಟ್ಟುತ್ತಾರೆ. ಬ್ಯಾಟರಿಗಳನ್ನು ಎಂಜಿನ್ ಪಕ್ಕಕ್ಕೇ ಇಡುತ್ತಾರೆ. ಭೌತಶಾಸ್ತ್ರದ ಪುಸ್ತಕದಲ್ಲಿ ಸನ್ನೆಯ ಪಾಠ ಓದಿ ಮರೆತ ಹುಡುಗ, ಇಲ್ಲಿ ಒಮ್ಮೆ ಸೀಸ ಕಟ್ಟಿದ ಮೇಲೆ ಅದನ್ನು ಮರೆಯಲಾರ.

ಮೂಲ ಹರಿಕೇನ್‌ನ ಎದೆಯಲ್ಲಿದ್ದದ್ದು ಹನ್ನೆರಡು ಸಿಲಿಂಡರುಗಳ, 27 ಲೀಟರ್‌ನ ರೋಲ್ಸ್‌ರಾಯ್ಸ್ ಮರ್ಲಿನ್ ಎಂಜಿನ್. ಮಾದರಿಗೆ ಸುಮಾರು 100 ಸಿಸಿಯ ಪೆಟ್ರೋಲ್ ಎಂಜಿನ್ ಸಾಕು. ನಮ್ಮ ರಸ್ತೆಗಳ ಸಾಮಾನ್ಯ ಮೋಟರ್‌ಬೈಕಿನಷ್ಟೇ ಗಾತ್ರದ ಎಂಜಿನ್ ಎಂದಾಯಿತು.

ಕಾಣದ ಸೂತ್ರ

ಗಾಳಿಪಟಕ್ಕೆ ದಾರವಿದೆ, ಈ ವಿಮಾನಕ್ಕೆ ರೇಡಿಯೊ ಅಲೆಯೇ ದಾರ. ಪೈಲಟ್ ಕೈಯ ಕಡ್ಡಿ ಅಲುಗಿದಾಗ ಸಂಕೇತ ವಿಮಾನದ ಗ್ರಾಹಕಕ್ಕೆ ತಲುಪುತ್ತದೆ. ಗ್ರಾಹಕ ಅದನ್ನು ಸರ್ವೊ ಎಂಬ ಪುಟ್ಟ ಮೋಟಾರುಗಳಿಗೆ ದಾಟಿಸುತ್ತದೆ. ರೆಕ್ಕೆಯ ಅಂಚು, ಬಾಲ, ಚುಕ್ಕಾಣಿ, ಎಂಜಿನ್ನಿನ ವೇಗ ಹೀಗೆ ಒಂದೊಂದಕ್ಕೂ ಬೇರೆ ಬೇರೆ ಸರ್ವೊ.

ಹಿಂದೆ ಬ್ರಿಟನ್ನಿನಲ್ಲಿ 35 ಮೆಗಾಹರ್ಟ್ಸ್, ಅಮೆರಿಕದಲ್ಲಿ 72 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಮಾದರಿಗಳು ಹಾರುತ್ತಿದ್ದವು. ಒಂದೇ ಚಾನೆಲ್‌ನಲ್ಲಿ ಇಬ್ಬರು ಪೆಟ್ಟಿಗೆ ಚಾಲೂ ಮಾಡಿದರೆ ಮುಗಿಯಿತು, ಆಕಾಶದಲ್ಲಿದ್ದ ವಿಮಾನ ನೆಲಕ್ಕೆ. ಅದಕ್ಕಾಗಿ ಬಯಲಿನಲ್ಲಿ ಚಾನೆಲ್ ಸಂಖ್ಯೆ ಬರೆದ ಕ್ಲಿಪ್ಪುಗಳ ಹಲಗೆ ಇರುತ್ತಿತ್ತು. ಕ್ಲಿಪ್ ಯಾರ ಬಳಿಯಿದೆಯೋ ಅವರಿಗಷ್ಟೇ ಪೆಟ್ಟಿಗೆ ಚಾಲೂ ಮಾಡುವ ಅಧಿಕಾರ. ನಂತರ ಬಂದ 2.4 ಗಿಗಾಹರ್ಟ್ಸ್ ವ್ಯವಸ್ಥೆಯಲ್ಲಿ ಪ್ರತಿ ಗ್ರಾಹಕವೂ ತನ್ನದೇ ಪೆಟ್ಟಿಗೆಯ ಮಾತನ್ನಷ್ಟೇ ಕೇಳುತ್ತದೆ. ಆದರೂ ದೊಡ್ಡ ಮಾದರಿಗಳಲ್ಲಿ ಎರಡು ಬ್ಯಾಟರಿ ಇಡುವುದು ವಾಡಿಕೆ. ಒಂದು ಕೈಕೊಟ್ಟರೆ ಇನ್ನೊಂದು. ಸಂಕೇತ ಕಡಿದುಹೋದರೆ ಎಂಜಿನ್ ತಾನಾಗಿ ತಗ್ಗುವಂತೆಯೂ ಏರ್ಪಾಡು ಮಾಡಿರುತ್ತಾರೆ.

ಕೆಂಪಿಲ್ಲದ ವೃತ್ತ

ಬಣ್ಣ ಬಳಿಯುವ ಮುನ್ನ ಇತಿಹಾಸ ಓದಬೇಕು. ಬ್ರಿಟಿಷ್ ವಿಮಾನವೆಂದರೆ ನೀಲಿ, ಬಿಳಿ ವೃತ್ತಗಳ ನಡುವೆ ಕೆಂಪು ಬೊಟ್ಟು ಎಂದೇ ಎಲ್ಲರ ನೆನಪು. ಆದರೆ ಬರ್ಮಾ ರಂಗದಲ್ಲಿ ಹಾರಿದ ಭಾರತೀಯ ಹರಿಕೇನ್ ಕಟ್ಟುವವರು ಆ ಕೆಂಪನ್ನು ಬಿಡಬೇಕು! ಜಪಾನಿ ವಿಮಾನಗಳ ಗುರುತು ಕೆಂಪು ಸೂರ್ಯ. ಆಕಾಶದಲ್ಲಿ ಕೆಂಪು ಕಂಡೊಡನೆ ಸ್ವಂತದವರೇ ಗುಂಡು ಹಾರಿಸಬಾರದೆಂದು ಈ ರಂಗದಲ್ಲಿ ಕೆಂಪನ್ನು ಅಳಿಸಿಹಾಕಿದ್ದರು.

1944ರಲ್ಲಿ ಇಂಫಾಲ್‌ನಿಂದ ಹಾರಿದ ಭಾರತೀಯ ವಾಯುಪಡೆಯ ಒಂದನೇ ಸ್ಕ್ವಾಡ್ರನ್ ಬಳಸಿದ್ದು ಹರಿಕೇನ್‌ಗಳನ್ನೇ. ಅದರ ನಾಯಕ, ಆಗಿನ್ನೂ ಇಪ್ಪತ್ತೈದರ ಆಸುಪಾಸಿನ ಅರ್ಜನ್ ಸಿಂಗ್. ಆ ಸೇವೆಗಾಗಿ ಅವರಿಗೆ ಡಿ.ಎಫ್.ಸಿ. ಪದಕ ಬಂತು. ಮುಂದೆ ವಾಯುಪಡೆಯ ಮುಖ್ಯಸ್ಥರಾದ ಅವರು 2002ರಲ್ಲಿ ವಾಯುಪಡೆಯ ಮಾರ್ಷಲ್ ಗೌರವಕ್ಕೆ ಪಾತ್ರರಾದರು. ಒಂದು ಬೊಟ್ಟಿನ ಬಣ್ಣ ಹುಡುಕಹೊರಟವನಿಗೆ ಇಷ್ಟು ಚರಿತ್ರೆ ಸಿಗುತ್ತದೆ.

ಆ ಮೊದಲ ನಿಮಿಷ

ಕಟ್ಟಿದ್ದಾಯಿತು, ಬಣ್ಣವಾಯಿತು. ಹಾರಿಸುವ ಮುನ್ನ ಪರೀಕ್ಷೆಗಳ ಸಾಲು. ಬ್ರಿಟನ್ನಿನಲ್ಲಿ 25 ಕಿಲೋ ಮೀರಿದ ಮಾದರಿಯಾದರೆ ಕಟ್ಟುವ ಹಂತದಲ್ಲೇ, ಹೊದಿಕೆ ಮುಚ್ಚುವ ಮೊದಲೇ ತಪಾಸಣೆ ನಡೆಯುತ್ತದೆ. ಚಿಕ್ಕದಕ್ಕೂ ಜಾಗ್ರತೆ ತಪ್ಪದು. ಪ್ರತಿ ಕೀಲು, ಪ್ರತಿ ತಿರುಪು ನೋಡಬೇಕು. ಪೆಟ್ಟಿಗೆಯ ಶಕ್ತಿ ತಗ್ಗಿಸಿ ದೂರ ಹೋಗಿ ಸಂಕೇತ ಮುಟ್ಟುತ್ತಿದೆಯೇ ಎಂದು ಪರೀಕ್ಷಿಸಬೇಕು. ನೆಲದ ಮೇಲೆಯೇ ಓಡಿಸಿ ನೋಡಬೇಕು.

ಎಂಜಿನ್ ವೇಗ ಏರಿಸಿದೊಡನೆ ಹರಿಕೇನ್ ಎಡಕ್ಕೆ ಎಳೆಯತೊಡಗುತ್ತದೆ. ಪ್ರೊಪೆಲರ್ ಒಂದು ದಿಕ್ಕಿಗೆ ತಿರುಗಿದರೆ ವಿಮಾನದ ಮೈ ಇನ್ನೊಂದು ದಿಕ್ಕಿಗೆ ಹೊರಳಲು ನೋಡುತ್ತದೆ. ಪ್ರತಿ ಕ್ರಿಯೆಗೂ ಪ್ರತಿಕ್ರಿಯೆ ಎಂದ ನ್ಯೂಟನ್‌ನ ನಿಯಮ. ಪೈಲಟ್ ಬಲ ಚುಕ್ಕಾಣಿ ಒತ್ತುತ್ತಾನೆ. ಬಾಲ ಏಳುತ್ತದೆ, ಚಕ್ರಗಳು ಹುಲ್ಲು ಬಿಡುತ್ತವೆ. ಈಗ ಆತುರಪಟ್ಟು ಮೂಗೆತ್ತಿದರೆ ವೇಗ ಸಾಯುತ್ತದೆ, ಒಂದು ರೆಕ್ಕೆ ಕುಸಿಯುತ್ತದೆ. ಎಂಜಿನ್ ನಿಂತರೆ ಹಿಂದಕ್ಕೆ ತಿರುಗುವ ಆಸೆಯನ್ನು ಬಿಟ್ಟು ನೇರ ಮುಂದಕ್ಕೇ ಇಳಿಸಬೇಕು. ಎಷ್ಟೋ ವರ್ಷಗಳ ದುಡಿಮೆ ಮಣ್ಣಾಗುವುದು ಈ ಎರಡು ತಪ್ಪುಗಳಿಂದಲೇ.

ಚಕ್ರಗಳು ಒಳಮಡಚಿಕೊಂಡು ವಿಮಾನ ಒಂದು ಸುತ್ತು ಬಂದಾಗಲಷ್ಟೇ ನಿಂತವನಿಗೆ ಉಸಿರು ಬರುತ್ತದೆ. ಎಂಟು ನಿಮಿಷಕ್ಕೆ ಇಳಿಸುವ ಹೊತ್ತು. ಸ್ಪಿಟ್‌ಫೈರ್‌ಗಿಂತ ಅಗಲವಾಗಿ ಊರಿದ ಕಾಲುಗಳು ಹರಿಕೇನ್‌ಗೆ ಇಲ್ಲಿ ನೆರವಾಗುತ್ತವೆ.

ನಮ್ಮ ಮಕ್ಕಳು ಎಲ್ಲಿಂದ ಶುರು ಮಾಡಬೇಕು?

ಹರಿಕೇನ್‌ನಿಂದ ಅಲ್ಲವೇ ಅಲ್ಲ! ಇಂಥದೊಂದಕ್ಕೆ ತಗಲುವ ಖರ್ಚು ಹೊಸ ಮೋಟರ್‌ಬೈಕಿನ ಬೆಲೆಯನ್ನೂ ಮೀರಬಹುದು. ಮೊದಲು ಕೈಯಿಂದ ಎಸೆಯುವ ಬಾಲ್ಸಾ ಅಥವಾ ಥರ್ಮೋಕೋಲ್ ಗ್ಲೈಡರ್, ಆಮೇಲೆ ರಬ್ಬರ್ ಸುತ್ತಿ ಹಾರಿಸುವುದು, ನಂತರ ಬ್ಯಾಟರಿಯಿಂದ ಹಾರುವ ಪುಟ್ಟ ತರಬೇತಿ ವಿಮಾನ. ಎನ್‌ಸಿಸಿಯ ವಾಯು ವಿಭಾಗ ಸೇರಿದವರಿಗೆ ಮಾದರಿ ವಿಮಾನ ಕಟ್ಟುವುದೂ ತರಬೇತಿಯ ಒಂದು ಭಾಗ.

ತಂದೆತಾಯಿಯರು ಗಮನಿಸಬೇಕಾದ ಮಾತುಗಳೂ ಇವೆ. ತಿರುಗುವ ಪ್ರೊಪೆಲರ್ ಕತ್ತಿಗಿಂತ ಹರಿತ. ಲಿಥಿಯಂ ಬ್ಯಾಟರಿಯನ್ನು ಚಾರ್ಜಿಗೆ ಹಾಕಿ ಮಲಗಬಾರದು, ಬೆಂಕಿ ಹೊತ್ತೀತು. ಹಾರಿಸುವುದು ಅನುಭವಿಗಳ ಜೊತೆ, ಜನರಿಲ್ಲದ ಬಯಲಿನಲ್ಲೇ ಆಗಬೇಕು. 2021ರ ಡ್ರೋನ್ ನಿಯಮಗಳ ಪ್ರಕಾರ ಕಲಿಕೆಗೆ, ಮೋಜಿಗೆ ಹಾರಿಸುವ ಮಾದರಿ ವಿಮಾನದ ಒಟ್ಟು ತೂಕ 25 ಕಿಲೋ ಮೀರುವಂತಿಲ್ಲ, ಅದು ಕಣ್ಣಳತೆ ದಾಟುವಂತಿಲ್ಲ. ಹಸಿರು, ಹಳದಿ, ಕೆಂಪು ವಲಯಗಳ ಸರ್ಕಾರಿ ನಕ್ಷೆ ನೋಡದೆ, ಅದರಲ್ಲೂ ವಿಮಾನ ನಿಲ್ದಾಣಗಳ ಸುತ್ತಮುತ್ತ, ಏನನ್ನೂ ಹಾರಿಸಬಾರದು.

ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದೊಯ್ದಾಗ ಅಲ್ಲಿರುವ ಮಾರುತ್ ವಿಮಾನದ ಮುಂದೆ ಒಂದು ನಿಮಿಷ ನಿಲ್ಲಿ. ಜರ್ಮನಿಯ ಕುರ್ಟ್ ಟ್ಯಾಂಕ್ ಮುಂದಾಳತ್ವದಲ್ಲಿ ಎಚ್‌ಎಎಲ್ ರೂಪಿಸಿದ ಈ ಜೆಟ್ ಮೊದಲು ಹಾರಿದ್ದು 1961ರಲ್ಲಿ. ಆದರೆ ಅದಕ್ಕೂ ಮುನ್ನ, 1959ರಲ್ಲಿ, ಅದೇ ಆಕಾರದ ಎಂಜಿನ್ ಇಲ್ಲದ ಮರದ ಗ್ಲೈಡರ್ ಕಟ್ಟಿ, ಡಕೋಟಾ ವಿಮಾನದಿಂದ ಎಳೆಸಿ ಹಾರಿಸಿ ನೋಡಿದ್ದರು. ಜೆಟ್ ಕಟ್ಟುವವರೂ ಮೊದಲು ಮರದಲ್ಲೇ ಪರೀಕ್ಷಿಸಿ ಕಲಿತರು.

ಹುಲ್ಲುಬಯಲಿನಲ್ಲಿ ಹರಿಕೇನ್ ಇಳಿದು, ಒಮ್ಮೆ ಪುಟಿದು, ಓಡಿ ನಿಂತಿದೆ. ಕಟ್ಟಿದವನು ನಿಧಾನವಾಗಿ ನಡೆದುಹೋಗಿ ಎಂಜಿನ್ ಆರಿಸಿ, ರೆಕ್ಕೆಗೆ ಮೆತ್ತಿದ ಹುಲ್ಲನ್ನು ಒರೆಸುತ್ತಾನೆ. ಪಕ್ಕದಲ್ಲಿ ಒಬ್ಬ ಪುಟ್ಟ ಹುಡುಗ ಬಾಲದ ಬಟ್ಟೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ ನೋಡುತ್ತಾನೆ. ಅದು ತಮಟೆಯಂತೆ ಸದ್ದು ಮಾಡುತ್ತದೆ.