ಮಲಗಿದ ಯಂತ್ರಕ್ಕೆ ಮರುಜೀವ

ಅಮೆರಿಕದ ಸೇನೆಯು ಬಳಸಿಬಿಟ್ಟ ಎಂಇಪಿ-002ಎ ಎಂಬ 5 ಕಿಲೋವಾಟ್ ಡೀಸೆಲ್ ಜನರೇಟರುಗಳು ಹರಾಜಿನ ಮೂಲಕ ಅಲ್ಲಿನ ಅನೇಕ ಗೃಹಸ್ಥರ ಕೈಸೇರಿವೆ. ಬಿರುಗಾಳಿಗೆ ವಿದ್ಯುತ್ತು ಕಡಿದಾಗ ಅವೇ ಆಸರೆ. ವರ್ಷಗಟ್ಟಲೆ ನಿಂತಿದೆಯೆಂದ ಮಾತ್ರಕ್ಕೆ ಯಂತ್ರವು ಸತ್ತಿತೆಂದು ನಾವು ಕೈಬಿಡುವುದು ತರವಲ್ಲ.

ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ; ಒತ್ತಲ್ಪಟ್ಟ ಗಾಳಿಯ ಕಾವೇ ಇಂಧನವನ್ನು ಹೊತ್ತಿಸುತ್ತದೆ. ಆದುದರಿಂದ ಇಂಧನದ ಹಾದಿ ಶುದ್ಧವಾಗಿರಬೇಕು. ಹಳೆಯ ಡೀಸೆಲನ್ನು ಬಸಿದು, ಟ್ಯಾಂಕು ತೊಳೆದು, ಫಿಲ್ಟರು ಬದಲಿಸಿ, ಕೊಳವೆಗಳಲ್ಲಿ ಸಿಕ್ಕ ಗಾಳಿಯನ್ನು ಹೊರಬಿಡಬೇಕು. ಎಂಜಿನ್ ಆಯಿಲನ್ನೂ ಹೊಸದಾಗಿ ತುಂಬಬೇಕು. ನಿಮಿಷಕ್ಕೆ 1800 ಸುತ್ತು ತಿರುಗಿದರೆ ಅಲ್ಲಿಗೆ ಬೇಕಾದ 60 ಹರ್ಟ್ಸ್ ವಿದ್ಯುತ್ತು ದೊರೆಯುತ್ತದೆ.

ಒಂದು ಎಚ್ಚರಿಕೆ: ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಪ್ರಾಣಾಂತಕ. ಯಂತ್ರವನ್ನು ಮನೆಯ ಹೊರಗೆ, ಕಿಟಕಿ ಬಾಗಿಲುಗಳಿಂದ ದೂರವೇ ಇರಿಸೋಣ. ಬೆಳಕಿಗಾಗಿ ತಂದುದು ಮನೆಯ ದೀಪವನ್ನೇ ನಂದಿಸಬಾರದು.