ಅಜ್ಜಿಯ ಹೊಸ ಮಂಡಿ

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಜ್ಜಿ ಬರುತ್ತಾರೆ. ಅವರ ಮಂಡಿ ಸವೆದಿತ್ತು. ನಡೆಯಲು ಆಗುತ್ತಿರಲಿಲ್ಲ. ಆಪರೇಷನ್ ಮಾಡಿಸಿಕೊಂಡು ಕೃತಕ ಮಂಡಿ ಹಾಕಿಸಿಕೊಂಡರು. ಕೆಲವು ತಿಂಗಳ ಮೇಲೆ ಕೇಂದ್ರಕ್ಕೆ ಬಂದರು.

"ಹೊಸ ಮಂಡಿ ಬಂತಲ್ಲ ಅಜ್ಜಿ, ಇನ್ನು ನಮ್ಮ ಜೊತೆ ಚಾಪೆ ಮೇಲೆ ಕೂತ್ಕೊಳ್ಳಿ" ಎಂದು ನಾವೇ ಕರೆದೆವು. ಅಜ್ಜಿ ಕೂರಲು ನೋಡಿದರು. ಆಗಲಿಲ್ಲ. ಕಣ್ಣಲ್ಲಿ ನೀರು ಬಂತು. "ಅಷ್ಟು ದುಡ್ಡು ದಂಡ ಆಯ್ತಾ?" ಅಂದರು.

ದಂಡ ಆಗಿರಲಿಲ್ಲ. ತಿಳಿಯದೆ ಕರೆದ ತಪ್ಪು ನಮ್ಮದು.

ಮಂಡಿಯ ಒಳಗೆ ಏನಿದೆ? ಮೇಲೆ ತೊಡೆಯ ಮೂಳೆ. ಕೆಳಗೆ ಕಾಲಿನ ಮೂಳೆ. ನಡುವೆ ನುಣುಪಾದ ಮೆತ್ತೆ. ಹಗ್ಗದಂಥ ಪಟ್ಟಿಗಳು ಮೂಳೆಗಳನ್ನು ಬಿಗಿಯಾಗಿ ಹಿಡಿದಿರುತ್ತವೆ. ಮಂಡಿ ಎಂದರೆ ಬಾಗಿಲಿನ ಕೀಲಿನ ಹಾಗೆ ಬರೀ ಮಡಚುವುದಲ್ಲ. ಕಾಲು ಮಡಚಿದಾಗ ತೊಡೆಯ ಮೂಳೆ ಲಟ್ಟಣಿಗೆಯ ಹಾಗೆ ಉರುಳುತ್ತದೆ. ಉರುಳುತ್ತಲೇ ಜಾರುತ್ತದೆ. ಸ್ವಲ್ಪ ತಿರುಗುತ್ತದೆ ಕೂಡ.

ಆಪರೇಷನ್ ಮಾಡುವಾಗ ಸವೆದ ತುದಿಗಳನ್ನು ಕತ್ತರಿಸುತ್ತಾರೆ. ಅಲ್ಲಿ ಲೋಹದ ತುದಿಗಳನ್ನು ಕೂರಿಸುತ್ತಾರೆ. ನಡುವೆ ಗಟ್ಟಿ ಪ್ಲಾಸ್ಟಿಕ್ ಇಡುತ್ತಾರೆ. ಒಳಗಿನ ಒಂದೆರಡು ಪಟ್ಟಿಗಳನ್ನು ಸಾಮಾನ್ಯವಾಗಿ ತೆಗೆಯುತ್ತಾರೆ. ಹಾಗಾಗಿ ಹೊಸ ಮಂಡಿ ಹುಟ್ಟಿನಿಂದ ಬಂದ ಮಂಡಿಯಷ್ಟು ಉರುಳದು, ತಿರುಗದು.

ಈಗ ಸ್ವಲ್ಪ ಲೆಕ್ಕ ಮಾಡೋಣ. ನೆಟ್ಟಗೆ ಚಾಚಿದ ಕಾಲು 0. ಕುರ್ಚಿಯಲ್ಲಿ ಕೂತಾಗ ಮಂಡಿ ಗೋಡೆಯ ಮೂಲೆಯ ಆಕಾರ ಆಗುತ್ತದೆ. ಅದು 90 ಡಿಗ್ರಿ. ನಡೆಯಲು ಸುಮಾರು 60 ಸಾಕು. ಮೆಟ್ಟಿಲಿಗೆ 90ರ ಆಸುಪಾಸು ಬೇಕು. ತಗ್ಗು ಕುರ್ಚಿಯಿಂದ ಏಳಲು 100 ದಾಟುತ್ತದೆ. ಕುಕ್ಕರಗಾಲಲ್ಲಿ ಕೂತು ಪಾತ್ರೆ ತಿಕ್ಕಲು 130ಕ್ಕೂ ಹೆಚ್ಚು ಬೇಕು. ಹೊಸ ಮಂಡಿ ಸಾಮಾನ್ಯವಾಗಿ 110ರಿಂದ 120ರವರೆಗೆ ಬಾಗುತ್ತದೆ. ಯಾವ ಕೆಲಸ ಆಗುತ್ತದೆ, ಯಾವುದು ಆಗಲ್ಲ, ನೀವೇ ಹೇಳಿ.

ಕೆಲವರಿಗೆ ಇನ್ನೂ ಹೆಚ್ಚು ಬಾಗುತ್ತದೆ. ಆದರೂ ತೀರಾ ಮಡಚಿದರೆ ಮೈಭಾರ ಪ್ಲಾಸ್ಟಿಕ್ಕಿನ ಹಿಂದಿನ ಅಂಚಿಗೆ ಬೀಳುತ್ತದೆ. ಅದು ಸವೆಯಬಹುದು. ಚಕ್ಕಳಮಕ್ಕಳ ಹಾಕಲು ಕಾಲು ಮಡಚಿದರೆ ಸಾಲದು, ತಿರುಚಲೂ ಬೇಕು. ಡಾಕ್ಟರನ್ನು ಕೇಳದೆ ಈ ಸಾಹಸ ಬೇಡ.

ಮೆಟ್ಟಿಲು ಹತ್ತುವಾಗ ಮೊದಲು ಒಳ್ಳೆಯ ಕಾಲು ಇಡಬೇಕು. ಇಳಿಯುವಾಗ ಮೊದಲು ಆಪರೇಷನ್ ಆದ ಕಾಲು. ಹೀಗೆ ಮಾಡಿದರೆ ಮೈ ಎತ್ತುವ, ಇಳಿಸುವ ಕಷ್ಟ ಒಳ್ಳೆಯ ಕಾಲಿಗೆ ಬೀಳುತ್ತದೆ. ಶುರುವಿನ ದಿನಗಳಲ್ಲಿ ಇದು ಬಹಳ ಮುಖ್ಯ.

ಅಜ್ಜಿಯ ಮಗ ಪಾತ್ರೆ ತಿಕ್ಕಲು ಎತ್ತರದ ಕಟ್ಟೆ ಕಟ್ಟಿಸಿದ. ಕಕ್ಕಸಿಗೆ ತೂತಿನ ಕುರ್ಚಿ ತಂದ. "ಎಲ್ಲರೂ ನೆಲದಲ್ಲಿದ್ದಾಗ ನಾನೊಬ್ಬಳೇ ಮೇಲೆ ಕೂರೋದಾ?" ಎಂದು ಅಜ್ಜಿ ನಾಚಿಕೊಂಡಿದ್ದರು. ಈಗ ಕೇಂದ್ರದಲ್ಲಿ ಅವರಿಗೆ ಒಂದು ಕುರ್ಚಿ ಇದೆ. ಸ್ಲೇಟು ತೊಡೆಯ ಮೇಲಿಟ್ಟು ಬರೆಯುತ್ತಾರೆ.