ಬೀದಿಯಿಂದ ಬಂದ ಅತಿಥಿ: ಮನೆಮಂದಿಯ ಆರೋಗ್ಯ, ನಾಯಿಯ ಆರೋಗ್ಯ

ಮಳೆ ಹನಿಯುತ್ತಿರುವ ಒಂದು ಸಂಜೆ. ಶಾಲೆಯಿಂದ ಬರುವಾಗ ನಿಮ್ಮ ಮಗ ಅಂಗಿಯೊಳಗೆ ಏನನ್ನೋ ಬಚ್ಚಿಟ್ಟುಕೊಂಡು ಬರುತ್ತಾನೆ. ಕೇಳಿದರೆ ಹೊರಗೆ ತೆಗೆಯುತ್ತಾನೆ: ಕಾಲು ಮುರಿದ, ಚಳಿಗೆ ನಡುಗುವ ನಾಯಿಮರಿ. 'ಬಸ್ ನಿಲ್ದಾಣದ ಹತ್ತಿರ ಬಿದ್ದಿತ್ತು ಅವ್ವಾ, ಒಂದ್ ನಾಕ್ ದಿನ ಇಟ್ಕೊಳ್ಳೂಣು' ಎನ್ನುತ್ತಾನೆ. ಬಾಗಲಕೋಟೆಯಲ್ಲಾಗಲಿ, ಬಾದಾಮಿಯಲ್ಲಾಗಲಿ, ಹುನಗುಂದ, ಇಳಕಲ್ಲಿನಲ್ಲಾಗಲಿ ಇದು ಹೊಸ ದೃಶ್ಯವಲ್ಲ. ಆಗ ನೀವೇನು ಮಾಡುತ್ತೀರಿ?

ಒಳಗೆ ಕರೆದುಕೊಂಡರೆ ರೋಗದ ಭಯ, ಹೊರಗೆ ಬಿಟ್ಟರೆ ಪಾಪಪ್ರಜ್ಞೆ. ಎರಡಕ್ಕೂ ನಡುವೆ ಒಂದು ದಾರಿಯಿದೆ. ನಾಯಿಗೆ ಕಾಯಂ ಮನೆ ಸಿಗುವವರೆಗೆ ಕೆಲವು ವಾರ ಆಶ್ರಯ ಕೊಟ್ಟು, ಗುಣಪಡಿಸಿ, ಲಸಿಕೆ ಹಾಕಿಸಿ, ಒಳ್ಳೆಯವರ ಕೈಗೆ ಒಪ್ಪಿಸುವುದು. 1991ರಲ್ಲಿ ಆರಂಭವಾದ ಬೆಂಗಳೂರಿನ 'ಕ್ಯೂಪಾ'ದಂಥ ಪ್ರಾಣಿದಯಾ ಸಂಸ್ಥೆಗಳು ಹೀಗೆ ನಾಯಿಗಳಿಗೆ ಮನೆ ಹುಡುಕಿಕೊಡುವ ಕೆಲಸ ಮಾಡುತ್ತ ಬಂದಿವೆ. ಸಣ್ಣ ಊರುಗಳಲ್ಲಿ ಆ ಭಾರ ಹೆಚ್ಚಾಗಿ ಮನೆಗಳ ಮೇಲೆಯೇ ಬೀಳುತ್ತದೆ. ನಮ್ಮದು ಮುಧೋಳ ನಾಯಿಯ ಜಿಲ್ಲೆ. ಆ ತಳಿಗೆ 2005ರಲ್ಲಿ ಅಂಚೆಚೀಟಿಯ ಗೌರವವೂ ಸಿಕ್ಕಿತು. ಆದರೆ ತಳಿಯ ಹೆಸರಿಲ್ಲದ ಬೀದಿನಾಯಿಗೂ ಹಸಿವು ಅಷ್ಟೇ, ನೋವು ಅಷ್ಟೇ.

ಮೊದಲು ಒಂದು ಎಚ್ಚರಿಕೆ. ಆರೋಗ್ಯವಾಗಿರುವ ಮರಿಗಳನ್ನು ಮುದ್ದಾಗಿವೆಯೆಂದು ಎತ್ತಿ ತರಬೇಡಿ. ತಾಯಿ ಆಹಾರ ಹುಡುಕಲು ಹೋಗಿರಬಹುದು. ದೂರದಲ್ಲಿ ನಿಂತು ಕೆಲವು ಗಂಟೆ ಕಾದು ನೋಡಿ. ಎಂಟು ವಾರ ತುಂಬುವ ಮೊದಲು ತಾಯಿಯಿಂದ ಅಗಲಿಸಿದ ಮರಿ ದೇಹಬಲದಲ್ಲೂ ಸ್ವಭಾವದಲ್ಲೂ ಕುಗ್ಗುತ್ತದೆ. ಗಾಯಗೊಂಡಿದ್ದು, ತಾಯಿ ಸತ್ತದ್ದು, ಯಾರೋ ಬಿಟ್ಟುಹೋದದ್ದು, ಇವುಗಳಿಗೆ ಮಾತ್ರ ನಿಮ್ಮ ಮನೆ ಬೇಕು.

ಹುಚ್ಚುನಾಯಿ ರೋಗ: ಮರೆಯಬಾರದ ಮಾತು

ಬೀದಿಯಿಂದ ಬಂದ ನಾಯಿಯ ಹಿಂದಿನ ಕಥೆ ನಮಗೆ ತಿಳಿಯದು. ಅದನ್ನು ಇನ್ನೊಂದು ನಾಯಿ ಕಚ್ಚಿತ್ತೇ? ಹೇಳುವವರಿಲ್ಲ. ರೇಬೀಸ್ ವೈರಾಣು ಒಳಹೊಕ್ಕ ಮೇಲೆ ಲಕ್ಷಣ ಕಾಣಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಆದ್ದರಿಂದ ಬಂದ ದಿನ ಚೂಟಿಯಾಗಿರುವ ಮರಿ ತಿಂಗಳ ಮೇಲೆ ರೋಗ ತೋರಿಸುವುದು ಅಪರೂಪವಾದರೂ ಸಾಧ್ಯ. ಬಂದ ಮೇಲೆ ಹಾಕಿಸಿದ ಲಸಿಕೆ ಮುಂದಿನ ಕಡಿತದಿಂದ ಕಾಪಾಡುತ್ತದೆ. ಮೊದಲೇ ಒಳಗೆ ಕುಳಿತ ವೈರಾಣುವನ್ನು ಅದು ತಡೆಯುತ್ತದೆಂದು ನಂಬಿ ಕೂರುವಂತಿಲ್ಲ.

ಭಾರತದಲ್ಲಿ ವರ್ಷಕ್ಕೆ ಸುಮಾರು 18,000ದಿಂದ 20,000 ಜನ ಈ ರೋಗದಿಂದ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ಮಕ್ಕಳ ಪಾಲು ದೊಡ್ಡದು. ಲಕ್ಷಣ ಕಾಣಿಸಿದ ಮೇಲೆ ಇದಕ್ಕೆ ಚಿಕಿತ್ಸೆಯಿಲ್ಲ. ಆದರೆ ತಡೆಗಟ್ಟುವುದು ನಮ್ಮ ಕೈಯಲ್ಲಿದೆ.

ನಾಯಿ ಕಚ್ಚಿದರೆ, ಪರಚಿದರೆ, ಅಥವಾ ಅದರ ಜೊಲ್ಲು ಗಾಯ, ಕಣ್ಣು, ಬಾಯಿಗೆ ತಾಗಿದರೆ ಹೀಗೆ ಮಾಡಿ:

* ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಯೇ ತೊಳೆಯಿರಿ. ಕಣ್ಣು, ಬಾಯಿಗೆ ತಾಗಿದ್ದರೆ ಬರೀ ನೀರಿನಿಂದ ಚೆನ್ನಾಗಿ ತೊಳೆಯಿರಿ.
* ಖಾರದ ಪುಡಿ, ಸುಣ್ಣ, ಅರಿಸಿನ, ಎಣ್ಣೆ ಯಾವುದನ್ನೂ ಮೆತ್ತಬೇಡಿ. ಬಟ್ಟೆಯಿಂದ ಬಿಗಿಯಾಗಿ ಕಟ್ಟಬೇಡಿ.
* ಅದೇ ದಿನ ಆಸ್ಪತ್ರೆಗೆ ಹೋಗಿ. ನಾಯಿಯನ್ನು ಹತ್ತು ದಿನ ನೋಡಿ ಆಮೇಲೆ ಇಂಜೆಕ್ಷನ್ ತೆಗೆದುಕೊಂಡರಾಯಿತು ಎನ್ನಬೇಡಿ. ಇಂಜೆಕ್ಷನ್ ಆರಂಭವಾಗಲಿ, ನಾಯಿಯ ಮೇಲೆ ನಿಗಾ ಜೊತೆಗೇ ಇರಲಿ.
* ರಕ್ತ ಬಂದ ಗಾಯವಾದರೆ ಲಸಿಕೆಯ ಜೊತೆ ಗಾಯದೊಳಗೇ ಕೊಡುವ ಇನ್ನೊಂದು ಔಷಧಿ, ಇಮ್ಯುನೊಗ್ಲಾಬ್ಯುಲಿನ್, ಬೇಕಾಗುತ್ತದೆ. ವೈದ್ಯರನ್ನು ಕೇಳಿ.

ಹೊಕ್ಕಳ ಸುತ್ತ ಹದಿನಾಲ್ಕು ಸೂಜಿ ಚುಚ್ಚುತ್ತಾರೆಂಬ ಹೆದರಿಕೆ ಇನ್ನೂ ಹಿರಿಯರ ಬಾಯಲ್ಲಿದೆ. ಆ ಹಳೆಯ ಲಸಿಕೆ 2004ರ ಕೊನೆಗೇ ನಿಂತುಹೋಗಿದೆ. ಈಗ ತೋಳಿಗೆ ಕೊಡುವ ಕೆಲವೇ ಇಂಜೆಕ್ಷನ್‌ಗಳು. ಮೇಲಿಂದ ಮೇಲೆ ನಾಯಿಗಳಿಗೆ ಆಶ್ರಯ ಕೊಡುವ ಮನೆಯವರು ಕಡಿತಕ್ಕೆ ಮೊದಲೇ ಮುಂಜಾಗ್ರತೆಯ ಲಸಿಕೆ ತೆಗೆದುಕೊಳ್ಳುವುದು ಜಾಣತನ. ಹಾಗೆ ತೆಗೆದುಕೊಂಡವರೂ ಕಚ್ಚಿಸಿಕೊಂಡರೆ ಮತ್ತೆ ವೈದ್ಯರಲ್ಲಿಗೆ ಹೋಗಲೇಬೇಕು.

ಹುಚ್ಚು ಹಿಡಿದ ನಾಯಿಯೆಂದರೆ ಓಡಾಡಿ ಕಚ್ಚುವುದೇ ಎಂದು ತಿಳಿಯಬೇಡಿ. ಕೆಲವು ನಾಯಿಗಳು ಮೂಲೆ ಸೇರಿ ಮಂಕಾಗುತ್ತವೆ. ದವಡೆ ಜೋತುಬೀಳುತ್ತದೆ, ಜೊಲ್ಲು ಸುರಿಯುತ್ತದೆ, ಧ್ವನಿ ಬದಲಾಗುತ್ತದೆ, ನುಂಗಲಾಗುವುದಿಲ್ಲ. ಗಂಟಲಲ್ಲಿ ಎಲುಬು ಸಿಕ್ಕಿರಬೇಕೆಂದು ಬಾಯಿಗೆ ಕೈಹಾಕುವ ದಯಾಳುಗಳೇ ಹೆಚ್ಚು ಅಪಾಯಕ್ಕೆ ಒಳಗಾಗುವವರು. ಇಂಥ ನಾಯಿಯನ್ನು ಮುಟ್ಟದೆ, ಬಾಗಿಲು ಹಾಕಿ, ಪಶುವೈದ್ಯರಿಗೆ ತಿಳಿಸಿ.

ಮೊದಲ ಹದಿನಾಲ್ಕು ದಿನ

ಮನೆಗೆ ಬಂದ ನಾಯಿಯನ್ನು ಎರಡು ವಾರ ಪ್ರತ್ಯೇಕವಾಗಿ ಇರಿಸಿ. ಹಿತ್ತಲ ಕೋಣೆ, ಪಡಸಾಲೆಯ ಒಂದು ಮೂಲೆ ಸಾಕು. ತಟ್ಟೆ, ಹಾಸುಬಟ್ಟೆ ಬೇರೆ ಇರಲಿ. ಒಬ್ಬ ದೊಡ್ಡವರು ಮಾತ್ರ ನೋಡಿಕೊಳ್ಳಲಿ. ಮನೆಯಲ್ಲಿ ಬೇರೆ ನಾಯಿಯಿದ್ದರೆ ಇದು ಇನ್ನೂ ಮುಖ್ಯ. ಪಾರ್ವೊ ಮತ್ತು ಡಿಸ್ಟೆಂಪರ್ ಎಂಬ ಎರಡು ರೋಗಗಳು ಮರಿಗಳನ್ನು ಬಹಳ ಬೇಗ ಬಲಿ ತೆಗೆದುಕೊಳ್ಳುತ್ತವೆ. ವಾಂತಿ, ರಕ್ತಭೇದಿ, ಊಟ ಬಿಡುವುದು ಪಾರ್ವೊದ ಗುರುತು. ಮೂಗು, ಕಣ್ಣಿನಿಂದ ಕೀವು, ಕೆಮ್ಮು, ಆಮೇಲೆ ಕೈಕಾಲು ಅದುರುವುದು ಡಿಸ್ಟೆಂಪರ್ ಗುರುತು. ಇವು ಮನುಷ್ಯರಿಗೆ ಅಂಟುವುದಿಲ್ಲ. ಆದರೆ ಪಾರ್ವೊ ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ಸಾಮಾನ್ಯ ಫಿನಾಯಿಲಿಗೆ ಜಗ್ಗುವುದಿಲ್ಲ. ಬ್ಲೀಚಿಂಗ್ ಪುಡಿಯ ನೀರಿನಿಂದ ನೆಲ ತೊಳೆಯಬೇಕು. ಅಂಥ ಸಾವು ಆದ ಮನೆಗೆ ಲಸಿಕೆಯಾಗದ ಇನ್ನೊಂದು ಮರಿಯನ್ನು ಬೇಗ ತರಬಾರದು.

ಮೊದಲ ದಿನವೇ ತಾಲ್ಲೂಕಿನ ದನದ ದವಾಖಾನೆಗೆ, ಅಂದರೆ ಪಶು ಆಸ್ಪತ್ರೆಗೆ ಕರೆದೊಯ್ಯಿರಿ. ಜಂತುಹುಳದ ಔಷಧಿ ಅಲ್ಲಿಂದಲೇ ಆರಂಭವಾಗಲಿ. ಪಾರ್ವೊ, ಡಿಸ್ಟೆಂಪರ್ ಲಸಿಕೆಯನ್ನು ಆರರಿಂದ ಎಂಟು ವಾರದ ವಯಸ್ಸಿಗೆ ಆರಂಭಿಸಿ, ಮೂರು-ನಾಲ್ಕು ವಾರಕ್ಕೊಮ್ಮೆ, ನಾಲ್ಕು ತಿಂಗಳಾಗುವವರೆಗೆ ಮುಂದುವರಿಸಬೇಕು. ರೇಬೀಸ್ ಲಸಿಕೆ ಸಾಮಾನ್ಯವಾಗಿ ಮೂರು ತಿಂಗಳಿಗೆ, ಆಮೇಲೆ ವೈದ್ಯರು ಹೇಳಿದಂತೆ ಮರು ಲಸಿಕೆ.

ಮಕ್ಕಳಿರುವ ಮನೆಯಲ್ಲಿ

ನಾಯಿಯ ಮಲದಲ್ಲಿರುವ ದುಂಡುಹುಳದ ಮೊಟ್ಟೆಗಳು ಮಣ್ಣಿನಲ್ಲಿ ಎರಡು ಮೂರು ವಾರ ಬಲಿತ ಮೇಲೆ ಮಾತ್ರ ರೋಗ ತರುತ್ತವೆ. ಅಂದಂದಿನ ಮಲವನ್ನು ಅಂದೇ ತೆಗೆದು ಹೂತುಹಾಕಿದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧ, ಊಟಕ್ಕೆ ಮೊದಲು ಸೋಪಿನಿಂದ ಕೈ ತೊಳೆಯುವುದು. ಕೊಕ್ಕೆಹುಳದ ಮರಿಗಳು ಬರಿಗಾಲಿನ ಚರ್ಮ ಹೊಕ್ಕು ಕೆಂಪಗೆ, ಹಾವು ಹರಿದಂತೆ ತುರಿಕೆಯ ಗೆರೆ ಮೂಡಿಸುತ್ತವೆ. ಹಿತ್ತಲಲ್ಲಿ ಮಕ್ಕಳು ಚಪ್ಪಲಿ ಹಾಕಲಿ. ಕಜ್ಜಿ, ಹುಳುಕಡ್ಡಿ ಇರುವ ನಾಯಿಯನ್ನು ವಾಸಿಯಾಗುವವರೆಗೆ ಅಪ್ಪಿಕೊಳ್ಳಬಾರದು. ಉಣ್ಣೆಯನ್ನು ಬೆರಳಿನಲ್ಲಿ ಹಿಸುಕದೆ ಚಿಮಟದಿಂದ ತೆಗೆಯಿರಿ. ನಾಯಿಯ ಮೂತ್ರದಿಂದ ಇಲಿಜ್ವರವೂ ಹರಡಬಹುದು, ಬರಿಗೈಯಲ್ಲಿ ಒರೆಸಬೇಡಿ. ಮನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಕಿಡ್ನಿ ಬದಲಾಯಿಸಿಕೊಂಡವರು, ಹಸುಗೂಸು ಇದ್ದರೆ ಈ ಸೇವೆಯನ್ನು ಸದ್ಯ ಇನ್ನೊಬ್ಬರಿಗೆ ಬಿಡುವುದು ಒಳ್ಳೆಯದು.

ಊಟ, ಬಿಸಿಲು, ಮಗ್ಗ

ಹಸಿದು ಬಂದ ನಾಯಿಗೆ ಒಮ್ಮೆಲೇ ಹೊಟ್ಟೆ ತುಂಬ ಹಾಕಬೇಡಿ. ದಿನಕ್ಕೆ ನಾಲ್ಕೈದು ಬಾರಿ, ಸ್ವಲ್ಪ ಸ್ವಲ್ಪ. ಮೆತ್ತಗೆ ಬೇಯಿಸಿದ ಅನ್ನ, ಬೇಯಿಸಿದ ಮೊಟ್ಟೆ, ತಿಳಿಮಜ್ಜಿಗೆಯಲ್ಲಿ ನೆನೆಸಿದ ಜೋಳದ ರೊಟ್ಟಿ ಆದೀತು. ಬರೀ ಹಾಲು ಕುಡಿಸಿದರೆ ಬಹಳ ಮರಿಗಳಿಗೆ ಭೇದಿಯಾಗುತ್ತದೆ. ಖಾರ, ಉಳ್ಳಾಗಡ್ಡಿ, ಬೇಯಿಸಿದ ಎಲುಬು ಬೇಡ. ದ್ರಾಕ್ಷಿ ಬೆಳೆಯುವ ನಮ್ಮ ನಾಡಿನಲ್ಲಿ ಒಂದು ಮಾತು ವಿಶೇಷವಾಗಿ ತಿಳಿದಿರಲಿ. ದ್ರಾಕ್ಷಿಯೂ ಒಣದ್ರಾಕ್ಷಿಯೂ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲವು. ನಮ್ಮ ತಲೆನೋವಿನ, ಜ್ವರದ ಗುಳಿಗೆಗಳನ್ನು ನಾಯಿಗೆ ಎಂದೂ ಕೊಡಬೇಡಿ.

ಇಳಕಲ್ಲಿನ ನೇಕಾರರ ಮನೆಯಲ್ಲಿ ನೂಲಿನ ಉಂಡೆ, ಮಗ್ಗದ ಕುಣಿ ಮರಿಗೆ ಅಪಾಯ. ನುಂಗಿದ ಉದ್ದದ ಎಳೆ ಕರುಳನ್ನು ಕತ್ತರಿಸಬಹುದು. ಬಾಯಿಯಿಂದ ಅಥವಾ ಗುದದ್ವಾರದಿಂದ ಎಳೆ ಇಣುಕಿದರೆ ಎಳೆಯದೆ ವೈದ್ಯರ ಬಳಿ ಓಡಿ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ತಗಡಿನ ಚಪ್ಪರದಡಿ, ಬಾದಾಮಿಯ ಕಾದ ಕಲ್ಲುಹಾಸಿನ ಮೇಲೆ ನಾಯಿಯನ್ನು ಕಟ್ಟಬೇಡಿ. ಜೋರಾಗಿ ಏದುತ್ತ ತೂರಾಡಿದರೆ ನೆರಳಿಗೆ ತಂದು ಮೈಗೆ ತಣ್ಣೀರು ಹಾಕಿ, ಗಾಳಿ ಬೀಸಿ, ಆಸ್ಪತ್ರೆಗೆ ಒಯ್ಯಿರಿ.

ಒಪ್ಪಿಸುವ ದಿನ

ಕೇಳಿದವರಿಗೆಲ್ಲ ಕೊಡಬೇಡಿ. ಅವರ ಮನೆಗೊಮ್ಮೆ ಹೋಗಿ ಬನ್ನಿ. ಮನೆಮಂದಿಯೆಲ್ಲ ಒಪ್ಪಿದ್ದಾರೆಯೇ, ಹಗಲಿಡೀ ಸರಪಳಿ ಹಾಕುತ್ತಾರೆಯೇ, ಊರಿಗೆ ಹೋದರೆ ಯಾರು ನೋಡುತ್ತಾರೆ, ಹೆಣ್ಣುಮರಿಯಾದರೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುತ್ತಾರೆಯೇ ಎಂದು ಕೇಳಿ. ಲಸಿಕೆಯ ಚೀಟಿ ಕೈಗಿಡಿ. 'ಸಾಕಲು ಆಗದಿದ್ದರೆ ಬೀದಿಗೆ ಬಿಡಬೇಡಿ, ನಮಗೇ ಮರಳಿಸಿ' ಎಂದು ಹೇಳಿ. ಎರಡು ವಾರದ ಮೇಲೆ ಒಮ್ಮೆ ವಿಚಾರಿಸಿ.

ಕಳಿಸುವಾಗ ಮಕ್ಕಳು ಅಳುತ್ತಾರೆ. ಅಳಲಿ, ಗದರಿಸಬೇಡಿ. ನಾಯಿ ಬಂದ ಮೊದಲ ದಿನವೇ 'ಇದು ನಮ್ಮಲ್ಲಿ ಕೆಲವು ದಿನದ ಅತಿಥಿ' ಎಂದು ಹೇಳಿಟ್ಟಿರಿ. ಹೊಸ ಮನೆಗೆ ಒಪ್ಪಿಸಲು ಮಕ್ಕಳನ್ನೂ ಕರೆದೊಯ್ಯಿರಿ. ಅದು ಅಲ್ಲಿ ಬಾಲ ಅಲ್ಲಾಡಿಸುತ್ತ ಉಣ್ಣುವುದನ್ನು ಕಣ್ಣಾರೆ ಕಂಡರೆ ಅವರ ದುಃಖ ಹಗುರವಾಗುತ್ತದೆ. ತವರಿನವರು ಮಗಳನ್ನು ಸಾಕಿ ಸಲಹಿ ಕಳಿಸುವುದಿಲ್ಲವೇ? ನೀವು ಈ ಮೂಕಪ್ರಾಣಿಯ ತವರಿನವರು. ಕೈ ತೊಳೆದುಕೊಂಡು, ಲಸಿಕೆ ಹಾಕಿಸಿಕೊಂಡು, ಧೈರ್ಯವಾಗಿ ಬಾಗಿಲು ತೆರೆಯಿರಿ.